ದೇವರಿಗೆ ಮೊದಲ ಗೊತ್ತಿತ್ತು ಅಂದ ಮ್ಯಾಲ ನಮ್ಮ ಕೈಯಾಗೇನೈತಿ?

ಅಕ್ಕಾರ, ತಂಗ್ಯಾರ, ಓಣ್ಯಾನ ವೈನಿಗಳ, ಈ ಸಲ ಅಡಗಿ ಮಾತಿಲ್ಲ, ಹಪ್ಪಳ ಸಂಡಿಗಿ ಮಾತೂ ಇಲ್ಲ. ಸ್ವಲ್ಪ ಗಟ್ಟಿ ವಿಷಯ ಐತಿ. ಕೆಲಸಾ ಮುಗಿಸಿ ಕುಂತು ಓದ್ರಿ.

ನಾನು ಬೆಟಗೇರಿ ಕಡೆ ಕ್ರಿಸ್ತಾನರ ಮನ್ಯಾಗ ಹುಟ್ಟಿ ಬೆಳದಾಕಿ. ಈಗ ಕಳಸಾಪುರದಾಗ ನಿಮ್ಮ ನಡುವ ಇರಾಕಿ. ಅದಕ್ಕ ಯಾರಿಗರ ದೇವರ ಮ್ಯಾಲ ಸಿಟ್ಟು ಬಂದ್ರ ಒಂದ ಪ್ರಶ್ನಿ ತಗೊಂಡು ನನ್ನ ಕಡೆ ಬರ್ತಾರ. "ನಿಮ್ಮ ದೇವರಿಗೆ ಮುಂದ ಆಗೂದೆಲ್ಲಾ ಗೊತ್ತಿರತೈತಿ ಅಂತೀರಿ. ಆತಗ ಗೊತ್ತಿದ್ದದ್ದು ತಪ್ಪಂಗಿಲ್ಲ ಅಂತೀರಿ. ಅಂದ ಮ್ಯಾಲ ನಾವು ಮಾಡೂದು ಬಿಡೂದು ನಮ್ಮ ಕೈಯಾಗ ಎಲ್ಲೈತಿ?"

ಇದು ಬರೇ ಪಂಡಿತರು ಕುಂತು ವಾದಾ ಮಾಡೂ ಪ್ರಶ್ನಿ ಅಲ್ಲ. ಕೂಸು ಕಳಕೊಂಡ ತಾಯಿ ಇದನ್ನ ಕೇಳ್ತಾಳ. ಕುಡದು ಬರೂ ಗಂಡನ್ನ ಕಟಗೊಂಡಾಕಿ ಕೇಳ್ತಾಳ. ಸಾಲಿ ಬಿಡಿಸಿ ಮದವಿ ನಿಕ್ಕಿ ಮಾಡಿದ ಹುಡುಗಿ ಬಾಯಿಬಿಟ್ಟು ಕೇಳದಿದ್ರೂ ಕಣ್ಣಾಗ ಕೇಳ್ತಾಳ. ಅದಕ್ಕ ಉತ್ತರಾ ಹಗರ ಮಾಡಿ ಕೊಡಬಾರದು.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ದೇವರಿಗೆ ಗೊತ್ತಿರೂದು ಬ್ಯಾರೆ, ದೇವರು ಮಾಡಸೂದು ಬ್ಯಾರೆ. ಇವೆರಡನ್ನ ಕಲಿಸಿಬಿಟ್ಟರ ಮನಷ್ಯಾರ ತಪ್ಪೆಲ್ಲಾ ದೇವರ ಹೆಸರಿನ್ಯಾಗ ಮುಚ್ಚಿಹೋಗತಾವ. ಮುಚ್ಚಿಹೋದ ತಪ್ಪಿನ ಭಾರ ಹೆಚ್ಚಾಗಿ ಬೀಳೂದು ಹೆಣ್ಣಮಕ್ಕಳ ತಲಿ ಮ್ಯಾಲನ.

ನಮ್ಮ ಕಡೆ ಎಲ್ಲಾರಿಗೂ ಗೊತ್ತಿರೂ ಮಾತು ಹಣೆಬರಹ. ಹಡದ ಮನ್ಯಾಗ ಶೆಟಗೆವ್ವ ಬಂದು ಕೂಸಿನ ಹಣಿ ಮ್ಯಾಲ ಬರದು ಹೋಗ್ತಾಳ ಅಂತ ಹಿರ್ಯಾರು ಹೇಳ್ಕೋತ ಬಂದಾರ. ಮುಸಲರ ಮನ್ಯಾಗ ತಕದೀರ ಅಂತಾರ. ಶಬ್ದ ಬ್ಯಾರೆ ಆದ್ರೂ ಮನಸಿನ್ಯಾಗ ಬರೂ ಚಿತ್ರ ಹೆಚ್ಚು ಕಡಿಮಿ ಒಂದ: ಮೊದಲ ಬರಹ, ಆಮ್ಯಾಲ ಬದುಕು. ಚಕ್ಕಡಿ ಗಾಲಿ ಹಳೇ ಜಾಡಿನ್ಯಾಗ ಸಿಕ್ಕೊಂಡು ಹೋದಂಗ ಬದುಕು ಆ ಬರಹದ ಹಿಂದ ಹೋಗತೈತಿ.

ನಮ್ಮ ಸತ್ಯವೇದದಾಗೂ ದೇವರಿಗೆ ಎಲ್ಲಾ ಗೊತ್ತೈತಿ ಅನ್ನೂ ಮಾತು ಸಾಕಷ್ಟು ಅದಾವ. 139ನೇ ಕೀರ್ತನಿ ಓದ್ರಿ, ಮನಷ್ಯಾ ಹುಟ್ಟೂಕಿನ ಮೊದಲ ಅವನ ದಿನಗಳು ದೇವರ ಪುಸ್ತಕದಾಗ ಅದಾವ ಅನ್ನೂ ಅರ್ಥ ಅಲ್ಲಿ ಬರತೈತಿ. ಆದ್ರ ಅದ ಸತ್ಯವೇದದಾಗ ಜೀವಾ ಆರಿಸ್ಕೋ, ಸಾವು ಆರಿಸ್ಕೋಬ್ಯಾಡ ಅಂತ ಮೋಶೆ ಜನರಿಗೆ ಕೈಮುಗದಂಗ ಹೇಳ್ತಾನ. ಆರಿಸ್ಕೊಳ್ಳಾಕ ಬರೂದ ಇಲ್ಲಂದ್ರ ಆರಿಸ್ಕೋ ಅಂತ ಯಾಕ ಹೇಳಬೇಕಿತ್ತು? ಎರಡೂ ಮಾತು ಒಂದ ಗ್ರಂಥದಾಗ ಅದಾವ. ಒಂದನ್ನ ಹಿಡಕೊಂಡು ಇನ್ನೊಂದನ್ನ ಬಿಡಾಕ ಬರಂಗಿಲ್ಲ.

ಇದನ್ನ ಬಿಡಸಾಕ ಹೋದವರೊಳಗ ನನಗ ಬಾಳ ಸೇರಿದವ್ರು ಅಗಸ್ಟೀನ್. 354ರಿಂದ 430ರ ತನಕ ಇದ್ದವರು, ಉತ್ತರ ಆಫ್ರಿಕಾದ ಬಿಷಪ್. ಅವರು ಹೇಳಿದ್ದು ಮನಿ ಹೆಣ್ಣಮಕ್ಕಳಿಗೂ ತಿಳಿಯೂವಂಗ ಐತಿ. ನಿನ್ನಿ ಆಗಿದ್ದು ನಿಮಗ ನೆನಪೈತಿ. ನಿಮ್ಮ ನೆನಪು ನಿನ್ನಿ ಕೆಲಸಾನ ಮಾಡಸ್ತೇನು? ಇಲ್ಲ. ಆಗಿದ್ದಕ್ಕ ನೆನಪೈತಿ, ನೆನಪಿದ್ದಕ್ಕ ಆಗಿಲ್ಲ. ಹಂಗ ದೇವರು ಮುಂದಿಂದು ತಿಳಿಯೂದೂ ಅದನ್ನ ಬಲವಂತಲೇ ಮಾಡಸೂದಲ್ಲ. ನಾಳೆ ನಾನು ಒಂದು ಸುಳ್ಳು ಹೇಳ್ತೀನಿ ಅಂತ ದೇವರಿಗೆ ಗೊತ್ತಿದ್ರ, ಅದು ನಾನ ಹೇಳೂ ಸುಳ್ಳಂತ ಗೊತ್ತೈತಿ. ಆತನ ತಿಳುವಳಿಕಿ ಒಳಗ ನನ್ನ ಮನಸ್ಸೂ ಸೇರೈತಿ, ಅದನ್ನ ತಳ್ಳಿ ಹೊರಗ ಹಾಕಿಲ್ಲ.

ನಾವು ಮಕ್ಕಳ ವಿಷಯದಾಗ ಇದನ್ನ ದಿನಾ ನೋಡ್ತೀವಿ. ಹಿರೇ ಮಗಗ ಹತ್ತು ರೂಪಾಯಿ ಕೊಟ್ರ ಅಂಗಡಿಗೆ ಓಡ್ತಾನ, ಕಿರಿಯಾಂವ ಕೊಟ್ರ ಡಬ್ಬ್ಯಾಗ ಇಡ್ತಾನ ಅಂತ ತಾಯಿಗೆ ಗೊತ್ತು. ಆಕಿಗೆ ಗೊತ್ತಿದ್ದಕ್ಕ ಹಿರಿಯಾಂವ ಓಡಲಿಲ್ಲ.

ಇಲ್ಲಿ ಬುದ್ಧಿವಂತರು ಒಂದು ತಕರಾರು ತಗೀತಾರ, ತಗೀಬೇಕು ಕೂಡ. ತಾಯಿದು ಅಂದಾಜು, ಒಮ್ಮೊಮ್ಮೆ ತಪ್ಪತೈತಿ. ದೇವರದು ಅಂದಾಜಲ್ಲ, ಖಾತ್ರಿ. ಖಾತ್ರಿ ಅಂದ ಮ್ಯಾಲ ಬ್ಯಾರೆ ಆಗಾಕ ದಾರಿ ಎಲ್ಲೈತಿ?

ಈ ತಕರಾರಿಗೆ ಉತ್ತರಾ ಬರದಾಂವ ಒಬ್ಬ ಕೈದಿ. ಬೊಯೀಥಿಯಸ್ ಅಂತ ರೋಮಿನ ದೊಡ್ಡ ಅಧಿಕಾರಿ. ರಾಜದ್ರೋಹದ ಆಪಾದನಿ ಹೊರಿಸಿ ರಾಜಾ ಅವನ್ನ ಸೆರೀಗೆ ಹಾಕಿಸಿದ. ಸುಮಾರು 524ರಾಗ ಕೊಂದ್ರು. ಸಾವು ಕಾಯ್ಕೋತ ಕುಂತ ದಿನದಾಗ ಅವ ಬರದ ಪುಸ್ತಕ ಇವತ್ತಿಗೂ ಓದತಾರ. ಅವ ಹೇಳೂದು ಏನಂದ್ರ, ದೇವರು ನಮ್ಮಂಗ ಕಾಲದೊಳಗ ಕುಂತು ಮುಂದಿಂದನ್ನ ಇಣಿಕಿ ನೋಡಂಗಿಲ್ಲ. ನಮ್ಮ ನಿನ್ನಿ, ಇವತ್ತು, ನಾಳೆ ಮೂರೂ ಆತನ ಮುಂದ ಒಂದ ಸಲಕ್ಕ ಇವತ್ತಿನಂಗ ಅದಾವ. ಹಂಗಾಗಿ "ಮೊದಲ" ಗೊತ್ತಿತ್ತು ಅನ್ನೂದು ನಮ್ಮ ಭಾಷಾ. ಆತಗ ಅದು ನೋಡೂದು, ಅಷ್ಟ. ನೀವು ಅಂಗಳದಾಗ ಕಸಾ ಹೊಡಿಯೂದನ್ನ ನಾನು ಕಟ್ಟಿ ಮ್ಯಾಲ ಕುಂತು ನೋಡಿದ್ರ, ನೀವು ಹೊಡ್ಯಾಕತ್ತೀರಿ ಅನ್ನೂದು ಖಾತ್ರಿನ. ಆದ್ರ ನನ್ನ ಕಣ್ಣು ನಿಮ್ಮ ಕೈ ಹಿಡಕೊಂಡು ಹೊಡಸಾಕತ್ತಿಲ್ಲ.

ಮುಂದ 13ನೇ ಶತಮಾನದಾಗ ತೋಮಾ ಅಕ್ವಿನಾಸ್ ಅನ್ನೂ ಸನ್ಯಾಸಿ ಇದಕ್ಕ ಎತ್ತರದ ಜಾಗಾದ ಹೋಲಿಕಿ ಕೊಟ್ಟ. ನಾವು ಅದನ್ನ ಕಪ್ಪತ್ತಗುಡ್ಡಕ್ಕ ತಂದು ನೋಡೂಣು. ಕೆಳಗ ದಾರ್ಯಾಗ ಹೊಂಟಾಕಿಗೆ ಮುಂದಿನ ತಿರುವು ಕಾಣಂಗಿಲ್ಲ, ಹಿಂದ ಬರೂ ಚಕ್ಕಡೀನೂ ಕಾಣಂಗಿಲ್ಲ. ಗುಡ್ಡದ ಮ್ಯಾಲ ನಿಂತಾಕಿಗೆ ಮುಂದಿಂದು, ಹಿಂದಿಂದು ಎಲ್ಲಾ ಒಂದ ನೋಟಕ್ಕ ಕಾಣತೈತಿ. ಆಕಿ ನೋಡಿದ್ದಕ್ಕ ಯಾವ ಎತ್ತೂ ಒಂದು ಹೆಜ್ಜಿ ಹೆಚ್ಚು ಕಡಿಮಿ ಇಡಂಗಿಲ್ಲ.

ಎಲ್ಲಾ ಕ್ರಿಸ್ತಾನರೂ ಇಷ್ಟಕ್ಕ ಒಪ್ಪಿ ಸುಮ್ಮನಾದರು ಅಂತ ತಿಳೀಬ್ಯಾಡ್ರಿ. ನಮ್ಮ ಬೆಟಗೇರಿಗೆ ಈ ಧರ್ಮ ತಂದವರು ಬಾಸೆಲ್ ಮಿಶನ್‌ದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಾಗ 1815ರಾಗ ಹುಟ್ಟಿದ ಸಂಸ್ಥಾ ಅದು. 1834ರಾಗ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿ ಮುಗಿಸಿ 1841ರಾಗ ಬೆಟಗೇರಿಗೆ ಬಂದ್ರು. ಆ ಬಾಸೆಲ್ ಊರ ಈ ಜಗಳದ ಒಂದು ದೊಡ್ಡ ಮುದ್ರಣಶಾಲಿ ಆಗಿತ್ತು, ನಮ್ಮ ಗದಗ ಪುಸ್ತಕದ ಪ್ರೆಸ್ಸಿಗೆ ಹೆಸರಾದಂಗ. 1524ರಾಗ ಎರಾಸ್ಮಸ್ ಅನ್ನೂ ಪಂಡಿತ ಮನಷ್ಯಾನ ಇಚ್ಛಾ ಸ್ವತಂತ್ರ ಐತಿ ಅಂತ ಬರದ ಪುಸ್ತಕ ಅಲ್ಲಿ ಅಚ್ಚಾತು. ಮರುವರ್ಷನ ಜರ್ಮನಿಯಿಂದ ಮಾರ್ಟಿನ್ ಲೂಥರ್ ಸಿಟ್ಟಿಲೇ ಉತ್ತರಾ ಬರದ್ರು, ಪಾಪಕ್ಕ ಸಿಕ್ಕ ಮನಷ್ಯಾನ ಇಚ್ಛಾ ಕಟ್ಟಿಹಾಕಿದ್ದು, ದೇವರ ಕೃಪಾ ಬಿಡಿಸಿದ್ರಷ್ಟ ಬಿಡುಗಡಿ ಅಂತ. 1536ರಾಗ ಕಾಲ್ವಿನ್‌ರ ದೊಡ್ಡ ಗ್ರಂಥದ ಮೊದಲನೇ ಮುದ್ರಣ ಅದ ಬಾಸೆಲ್‌ದಾಗ ಹೊರಗ ಬಿತ್ತು. ಮುಂದ ಆ ಗ್ರಂಥ ದೊಡ್ಡದಾಗ್ತಾ ಹೋಗಿ, ಯಾರಿಗೆ ರಕ್ಷಣಿ ಯಾರಿಗಿಲ್ಲ ಅನ್ನೂದನ್ನ ದೇವರು ಮೊದಲ ತೀರ್ಮಾನಾ ಮಾಡ್ಯಾನ ಅನ್ನೂ ಖಡಕ್ ಮಾತು ಅದರಾಗ ಬಲವಾತು. ಅದನ್ನ ಒಪ್ಪದ ಕ್ರಿಸ್ತಾನರೂ ಅಷ್ಟ ಮಂದಿ ಅದಾರ. ಆ ಖಡಕ್ ಮಾತು ನನಗೂ ಒಪ್ಪಿಗಿಲ್ಲ.

ಬಾಸೆಲ್ ಮಿಶನ್‌ದಾಗ ಲೂಥರ್ ಕಡೆಯವರೂ ಇದ್ದರು, ಕಾಲ್ವಿನ್ ಕಡೆಯವರೂ ಇದ್ದರು. ಜಗಳಾ ತೀರಲಿ, ಆಮ್ಯಾಲ ಕೆಲಸಾ ಮಾಡೂಣು ಅಂತ ಅವರು ಕುಂಡ್ರಲಿಲ್ಲ. ಸಾಲಿ ತಗದರು. ಬೆಟಗೇರ್ಯಾಗ ದವಾಖಾನಿ ತಗದರು. ನಮ್ಮ ಅವ್ವಂದಿರು ಅದನ್ನ ಜರ್ಮನ್ ದವಾಖಾನಿ ಅಂತಿದ್ದರು. ಯಾರು ಬದಕ್ತಾರ, ಯಾರು ಸಾಯ್ತಾರ ಅನ್ನೂದು ದೇವರಿಗೆ ಗೊತ್ತೈತಿ ಅಂತ ನಂಬಿದವರ ಬ್ಯಾನಿ ತಿನ್ನೂ ಬಾಣಂತಿ ಕಡೆ ಕಂದೀಲು ಹಿಡಕೊಂಡು ಓಡಿದ್ರು. ಈ ನಂಬಿಕೀನ ಹೆಂಗ ಬಾಳಬೇಕು ಅನ್ನೂದಕ್ಕ ಇದಕ್ಕಿಂತ ಚಲೋ ವ್ಯಾಖ್ಯಾನ ನನಗ ಬೇಕಿಲ್ಲ.

ಸತ್ಯವೇದದ ಕಥಿಗಳೂ ಇದನ್ನ ಹೇಳ್ತಾವ. ಮೊದಲನೇ ಸಮುವೇಲ ಪುಸ್ತಕದಾಗ ಒಂದು ಸಣ್ಣ ಕಥಿ ಐತಿ, ಭಾಳ ಮಂದಿ ಓದಿರಂಗಿಲ್ಲ. ಕೆಯೀಲಾ ಅನ್ನೂ ಊರಿನ ಕಣದಾಗಿನ ಕಾಳನ್ನ ವೈರಿಗಳು ಬಂದು ದೋಚಾಕತ್ತಿದ್ದರು. ದಾವೀದ ಹೋಗಿ ಆ ಊರು ಉಳಿಸಿದ. ಅಷ್ಟರಾಗ ರಾಜಾ ಸೌಲ ತನ್ನನ್ನ ಹಿಡ್ಯಾಕ ಬರ್ತಾನ ಅಂತ ಸುದ್ದಿ ಬಂತು. ದಾವೀದ ದೇವರನ್ನ ಕೇಳಿದ, ಸೌಲ ಬರ್ತಾನೇನು? ಬರ್ತಾನ. ಈ ಊರವರು ನನ್ನನ್ನ ಅವನ ಕೈಗೆ ಕೊಡ್ತಾರೇನು? ಕೊಡ್ತಾರ. ಇದನ್ನ ಕೇಳಿ ದಾವೀದ ಹಣೆಬರಹ ಅಂತ ತಲಿ ಮ್ಯಾಲ ಕೈ ಹೊತ್ತು ಕುಂಡ್ರಲಿಲ್ಲ. ಸುಮಾರು 600 ಮಂದೀನ ಕರಕೊಂಡು ಊರು ಬಿಟ್ಟ. ಸೌಲ ಬರೂದನ್ನ ಕೈಬಿಟ್ಟ. ದೇವರು ಹೇಳಿದ್ದು ಸುಳ್ಳಾತೇನು? ಇಲ್ಲ. ನೀ ಇಲ್ಲೆ ಇದ್ರ ಹಿಂಗಾಗತೈತಿ ಅಂತ ಆತಗ ಗೊತ್ತಿತ್ತು. ಇರೂದು ಬಿಡೂದು ದಾವೀದನ ಕಾಲಿಗೆ ಬಿಟ್ಟಿದ್ದ. 1588ರಾಗ ಸ್ಪೇನಿನ ಮೊಲಿನಾ ಅನ್ನೂ ಪಾದ್ರಿ ಇಂಥಾ ವಿಚಾರದ ಮ್ಯಾಲ ಒಂದು ದೊಡ್ಡ ಗ್ರಂಥಾನ ಬರದ. ನಾವು ಏನು ಮಾಡ್ತೀವಿ ಅನ್ನೂದಷ್ಟ ಅಲ್ಲ, ಬ್ಯಾರೆ ಪರಿಸ್ಥಿತ್ಯಾಗ ಏನು ಮಾಡತಿದ್ದಿವಿ ಅನ್ನೂದೂ ದೇವರಿಗೆ ಗೊತ್ತೈತಿ ಅಂತ.

ಇನ್ನ ಎಲ್ಲಾರಿಗೂ ಗೊತ್ತಿರೂದು ಪೇತ್ರ ಮತ್ತ ಯೂದನ ಕಥಿ. ಇಬ್ಬರೂ ಯೇಸುಸ್ವಾಮಿ ಸಂಗಾಟ ಊಟಕ್ಕ ಕುಂತವರು. ಒಬ್ಬ ಹಿಡಕೊಡ್ತಾನ, ಇನ್ನೊಬ್ಬ ಕೋಳಿ ಕೂಗೂದರಾಗ ಮೂರು ಸಲ ಗೊತ್ತಿಲ್ಲ ಅಂತಾನ, ಎರಡೂ ಮೊದಲ ಹೇಳಿದ್ದ ಮಾತು, ಎರಡೂ ಹಂಗ ಆದವು. ಆದ್ರ ಮುಂದಿಂದು ನೋಡ್ರಿ. ಪೇತ್ರ ಹೊರಗ ಹೋಗಿ ಅತ್ತ, ತಿರುಗಿ ಬಂದ, ಸಭಾಕ್ಕ ಹಿರಿಯಾ ಆದ. ಯೂದ ತಿರುಗಿ ಬರಲಿಲ್ಲ. ಮೊದಲ ಗೊತ್ತಾಗಿದ್ದ ಒಬ್ಬನ್ನ ಕೆಡಸೂದಾದ್ರ ಇಬ್ಬರೂ ಕೆಡಬೇಕಿತ್ತು.

ಹಂಗಾದ್ರ ಪ್ರಾರ್ಥನಿ ಯಾಕ, ಆತಗ ಗೊತ್ತಿದ್ದದ್ದನ್ನ ಹೇಳೂದ್ಯಾಕ ಅಂತ ಮುಂದಿನ ಪ್ರಶ್ನಿ ಬರತೈತಿ. ಶಿಲುಬಿ ಬರತೈತಿ ಅಂತ ಯೇಸುಸ್ವಾಮಿಗೆ ಗೊತ್ತಿತ್ತು. ಆದ್ರೂ ಆ ರಾತ್ರಿ ಗೆತ್ಸೇಮನೆ ತೋಟದಾಗ ಇದು ತಪ್ಪಲಿ ಅಂತ ಬೆವರು ಸುರಿಸಿ ಬೇಡ್ಕೊಂಡ. ಗೊತ್ತಿದ್ದಾಂವನ ಬೇಡ್ಕೊಂಡ ಮ್ಯಾಲ ಗೊತ್ತಿಲ್ಲದ ನಾವು ಬೇಡ್ಕೊಳ್ಳೂದಕ್ಕ ನಾಚಿಕಿ ಯಾಕ? ಅಗಸ್ಟೀನ್‌ರ ತಾಯಿ ಮೋನಿಕಾ ದಾರಿ ತಪ್ಪಿದ ಮಗನ ಸಲುವಾಗಿ ವರ್ಷಾನುಗಟ್ಟಲೇ ಅತ್ತು ಪ್ರಾರ್ಥನಿ ಮಾಡಿದಾಕಿ. ಬರೇ ಪ್ರಾರ್ಥನಿ ಮಾಡ್ಕೋತ ಕುಂಡ್ರಲಿಲ್ಲ, ಸಮುದ್ರಾ ದಾಟಿ ಇಟಲಿ ತನಕ ಅವನ ಹಿಂದ ಹೋದಳು. 387ರಾಗ ಮಿಲಾನಿನಾಗ ಅವ ದೀಕ್ಷಾಸ್ನಾನ ಮಾಡಿಸ್ಕೊಂಡ. ದೇವರ ಮುನ್ನರಿವಿನ ಬಗ್ಗೆ ಅಷ್ಟೊಂದು ಬರದಾಂವಗ ಅಂಥಾ ತಾಯಿ ಇದ್ದಳು ಅನ್ನೂದು ಮರೀಬಾರದು. ಮಗನ ಬದಲಾವಣಿ ದೇವರಿಗೆ ಗೊತ್ತಿದ್ರ, ತಾಯಿ ಕಣ್ಣೀರೂ ಅದರ ಸಂಗಾಟ ಗೊತ್ತಿತ್ತು.

ಹಿಂದೂ ಮನಿಯವರಿಗೂ ಇದು ಹೊಸಾ ವಿಚಾರ ಅಲ್ಲ. ನಮ್ಮ ಗದಗಿನ ವೀರನಾರಾಯಣನ ಗುಡ್ಯಾಗ ಕುಂತು ಕುಮಾರವ್ಯಾಸ ಭಾರತಾ ಬರದ ಅಂತ ಎಲ್ಲಾರೂ ಹೇಳ್ತಾರ. ಆ ಭಾರತದಾಗ ಕೃಷ್ಣಗ ಯುದ್ಧ ಆಗತೈತಿ ಅಂತ ಗೊತ್ತಿತ್ತು. ಆದ್ರೂ ಸಂಧಿ ಮಾಡಾಕ ಹಸ್ತಿನಾವತಿಗೆ ಹೋದ. ಗೊತ್ತಿದ್ದದ್ದು ಪ್ರಯತ್ನಾ ಬಿಡಾಕ ಕಾರಣ ಆಗಲಿಲ್ಲ. ತುಂಗಭದ್ರಾ ದಾಟಿದ್ರ ಮೈಲಾರ ಐತಿ. ಅಲ್ಲೆ ವರ್ಷಾ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡೀತಾನ, ಮಳಿ ಬೆಳಿ ಹೆಂಗ ಅಂತ ರೈತರು ಅದರಾಗ ಅರ್ಥಾ ಹುಡಕ್ತಾರ. ಚಲೋ ಕಾರಣಿಕ ಆತಂತ ಯಾರೂ ಬಿತ್ತೂದು ಬಿಡಂಗಿಲ್ಲ. ಕೆಟ್ಟ ಕಾರಣಿಕ ಆತಂತ ಯಾರೂ ಕೂರಿಗಿ ಒಲಿಗೆ ಹಾಕಂಗಿಲ್ಲ. ಹೊಲದಾಗ ಇರೂ ಈ ಶ್ಯಾಣೇತನ ನಮಗ ಮನ್ಯಾಗ ಯಾಕ ಇರಂಗಿಲ್ಲ?

ಮನ್ಯಾಗ ಅಂದದ್ದು ಯಾಕಂದ್ರ, ದೇವರಿಗೆ ಗೊತ್ತಿತ್ತು, ದೇವರ ಚಿತ್ತ ಅನ್ನೂ ಮಾತನ್ನ ನಾವು ಮೂರು ಕಡೆ ತಪ್ಪಾಗಿ ಉಪಯೋಗಸ್ತೀವಿ.

ಮೊದಲನೇದು ಸತ್ತ ಮನ್ಯಾಗ. ಕೂಸು ಕಳಕೊಂಡ ಬಾಣಂತಿ ಮುಂದ ಕುಂತು "ದೇವರು ಮೊದಲ ಹಂಗ ನಿಶ್ಚಯ ಮಾಡಿದ್ದ, ಅಳಬ್ಯಾಡ" ಅಂತೀವಿ. ಆಕಿ ಕಿವಿಗೆ ಅದು ಹೆಂಗ ಕೇಳತೈತಿ? ದೇವರ ನನ್ನ ಕೂಸು ಕಸಗೊಂಡ ಅಂತ ಕೇಳತೈತಿ. ಲಾಜರ ಸತ್ತಾಗ ಯೇಸುಸ್ವಾಮಿ ಅವನ ಅಕ್ಕತಂಗೇರ ಕಡೆ ಹೋದ. ಇನ್ನ ಸ್ವಲ್ಪ ಹೊತ್ತಿನ್ಯಾಗ ಅವನ್ನ ಎಬ್ಬಸ್ತೀನಿ ಅಂತ ಗೊತ್ತಿದ್ದೂ ಅವರ ಸಂಗಾಟ ಅತ್ತ. ಎಲ್ಲಾ ಗೊತ್ತಿದ್ದಾಂವನ ಅತ್ತ ಅಂದ ಮ್ಯಾಲ ಏನೂ ಗೊತ್ತಿಲ್ಲದ ನಾವು ಅಲ್ಲಿ ದೇವರ ಲೆಕ್ಕಾ ಬಿಡಿಸಿ ಹೇಳೂದು ಬ್ಯಾಡ. ಸಿಲೊವಾಮಿನಾಗ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳು ಅಂತ ತಿಳೀಬ್ಯಾಡ್ರಿ ಅಂದಾಂವನೂ ಆತನ. ಆಕಿ ಬಾಜೂಕ ಕುಂಡ್ರೂಣು. ಒಂದು ಗಂಗಾಳ ಅನ್ನಾ ಮಾಡಿ ಒಯ್ಯೂಣು. ಸಾಕು.

ಎರಡನೇದು ಕುಡುಕರ ಮನ್ಯಾಗ. ಪಗಾರೆಲ್ಲಾ ಸೆರೆ ಅಂಗಡಿಗೆ ಸುರಿದು, ಮನಿಗೆ ಬಂದು ಹೆಂಡ್ತಿ ಮ್ಯಾಲ ಕೈ ಎತ್ತಾಂವಗ "ಅವನ ಹಣೇದಾಗ ಹಂಗ ಐತಿ ತಂಗಿ, ಸಹಿಸ್ಕೋ" ಅಂತ ಹೇಳ್ತೀವಿ. ಎತ್ತಿದ ಕೈ ಅವಂದು. ಇಳಸಾಕ ಬರೂ ಕೈಯೂ ಅವಂದ. ಅವ ಹೊಡೀತಾನ ಅಂತ ದೇವರಿಗೆ ಗೊತ್ತಿದ್ರ, ಹೊಡದಾಂವ ಯಾರು ಅನ್ನೂದೂ ದೇವರಿಗೆ ಗೊತ್ತೈತಿ. ನಮ್ಮ ಧರ್ಮದಾಗ ನ್ಯಾಯತೀರ್ಪು ಅಂತ ಒಂದು ದಿನಾ ಐತಿ ಅಂತ ನಂಬ್ತೀವಿ. ಮಾಡಿದ್ದಕ್ಕ ತಾನ ಹೊಣಿ ಅಲ್ಲಂದ್ರ ಆ ತೀರ್ಪಿಗೆ ಅರ್ಥ ಏನು?

ಮೂರನೇದು ನನಗ ಎಲ್ಲಾಕ್ಕಿಂತ ಹೆಚ್ಚು ಸಂಕಟ ಕೊಡೂದು. ಒಂಬತ್ತನೇತ್ತಾ ಹತ್ತನೇತ್ತಾ ಕಲಿಯೂ ಹುಡುಗೀನ ಸಾಲಿ ಬಿಡಿಸಿ ಮದವಿ ನಿಕ್ಕಿ ಮಾಡ್ತಾರ. ಆಕಿ ಒಲ್ಲೆ ಅಂದ್ರ "ಗಂಟು ಮ್ಯಾಲಿನಾಂವ ಹಾಕಿರ್ತಾನ, ನಿಂದೇನೈತಿ" ಅಂತಾರ. ಹಿಂದೂ ಮನ್ಯಾಗೂ ಅಂತಾರ, ಮುಸಲರ ಮನ್ಯಾಗೂ ಅಂತಾರ, ನಮ್ಮ ಕ್ರಿಸ್ತಾನರ ಮನ್ಯಾಗೂ ಬಾಯಿ ತಪ್ಪಿ ಅಂತಾರ. ನಮ್ಮ ಚರ್ಚಿನ ಮದವಿ ನೋಡ್ರಿ. ಮೊದಲ ಐತವಾರದ ಆರಾಧನ್ಯಾಗ ಪ್ರಕಟಣಿ ಓದಿ, ಯಾರದರ ತಕರಾರಿದ್ರ ಹೇಳ್ರಿ ಅಂತ ಕೇಳ್ತಾರ. ಮದವಿ ದಿನಾ ಪಾಸ್ಟರ್ ಎಲ್ಲಾರ ಮುಂದ ಮದಮಗಳನ್ನ ಕೇಳ್ತಾರ, ಇಂವ ನಿನಗ ಒಪ್ಪಿಗಿ ಐತೇನು ಅಂತ. ಆಕಿ ಹೌದು ಅಂದ್ರಷ್ಟ ಮದವಿ. ದೇವರ ಮನ್ಯಾಗನ ಆಕಿನ್ನ ಕೇಳೂ ಪದ್ಧತಿ ಐತಿ ಅಂದ ಮ್ಯಾಲ, ಮಾತು ಕೊಡೂಕಿನ ಮೊದಲ ಅಡಗಿಮನ್ಯಾಗ ಆಕಿನ್ನ ಕೇಳೂದು ಯಾವ ದೇವರಿಗೆ ಬ್ಯಾಡಾಗೈತಿ? ಕಾಯ್ದಾನೂ ಐತಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಹುಡುಗಿಗೆ 18, ಹುಡುಗಗ 21 ತುಂಬಿರಬೇಕು. ಮಕ್ಕಳ ಸಹಾಯವಾಣಿ ನಂಬರ್ 1098. ಓಣ್ಯಾಗ ಇಂಥಾದ್ದು ನಡದದ್ದು ಕಂಡ್ರ ಫೋನ್ ಹಚ್ಚೂದು ದೇವರ ವಿರುದ್ಧ ಹೋದಂಗ ಅಲ್ಲ. ಕೆಯೀಲಾದಿಂದ ದಾವೀದ ಹೊರಗ ಹೋಗಿದ್ದೂ ದೇವರ ವಿರುದ್ಧ ಅಲ್ಲ.

ಈ ಗಂಟು ಪೂರ್ತಿ ಬಿಚ್ಚೇತಿ ಅಂತ ನಾನು ಹೇಳಂಗಿಲ್ಲ. ಗೊತ್ತಿದ್ದೂ ದೇವರು ಯಾಕ ತಡೀಲಿಲ್ಲ ಅನ್ನೂ ಪ್ರಶ್ನಿ ಹಂಗ ಉಳೀತೈತಿ. ಒತ್ತಾಯಲೇ ಒಳ್ಳೇವ್ರನ್ನ ಮಾಡಿದ್ರ ಅದು ಒಳ್ಳೇತನ ಅಲ್ಲ, ಪ್ರೀತಿ ಬೇಕಾದ್ರ ಬಿಡುವಿಕಿ ಬೇಕು ಅಂತ ನಮ್ಮವರು ಉತ್ತರಾ ಕೊಡ್ತಾರ. ಮನಷ್ಯಾ ಮಾಡೂ ಕೆಡಕಿಗೆ ಆ ಉತ್ತರಾ ಸರಿ ಹೊಂದತೈತಿ, ಕೂಸಿಗೆ ಬರೂ ಜಡ್ಡಿಗೆ ಹೊಂದಂಗಿಲ್ಲ. ಅಲ್ಲಿ ಉತ್ತರದಕಿಂತ ಮೊದಲ ದವಾಖಾನಿಗೆ ಒಯ್ಯಾಕ ಗಾಡಿ ಬೇಕು.

ಅದಕ್ಕ ನನ್ನ ಕಡೀ ಮಾತು ಇಷ್ಟ. ಮುಂದಿಂದನ್ನ ತಿಳಿಯೂ ಕೆಲಸಾ ದೇವರಿಗೆ ಬಿಡೂಣು. ಆತ ಅದನ್ನ ನಮಗ ವಹಿಸಿಲ್ಲ. ನಮಗ ವಹಿಸಿದ್ದು ಇವತ್ತಿಂದು. ಇನ್ನ ಮ್ಯಾಲ ಯಾರರ ನಿಮ್ಮ ಮುಂದ "ಎಲ್ಲಾ ದೇವರಿಗೆ ಮೊದಲ ಗೊತ್ತಿತ್ತು" ಅಂತ ಮಾತು ಮುಗಸಾಕ ಬಂದ್ರ ಒಂದ ಪ್ರಶ್ನಿ ಕೇಳ್ರಿ: "ಹೌದ್ರಿ, ಆತಗ ಗೊತ್ತಿತ್ತು. ಮಾಡಿದವರ್ಯಾರು?"